ಕಿಂಗ್ ಕಾಂಗ್ ಮತ್ತು ಅವನ ಮಗ

ಸಂಘದ ಸಾಹಿತ್ಯ ಸಮಾವೇಶದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಅವರು ನನ್ನಿಂದ ಗಡಿನಾಡಿನ ಕನ್ನಡ ಶಾಲೆಗಳ ಕುರಿತೋ ತಾಳವಾಡಿ ಸೀಮೆಯ ಜನಪದ ಕಾವ್ಯದ ಕುರಿತೋ ಒಂದು ಬರಹವನ್ನು ನಿರೀಕ್ಷಿಸಿದ್ದರೆಂಬುದನ್ನು ಬಲ್ಲೆ. ಆ ವಿಷಯಗಳನ್ನು ಕುರಿತು ಹಿಂದಿನ ಸಂಚಿಕೆಗಳಲ್ಲಿ ನನಗಿಂತ ಬಲ್ಲವರು ಬರೆದಿದ್ದಾರೆ. ಕಳೆದ ಬೇಸಿಗೆಯಿಂದ ನನ್ನ ಮನಸ್ಸನ್ನು ತುಂಬಿಕೊಂಡಿರುವವರು ಬೇರೆಯೇ ಇಬ್ಬರು. ಒಬ್ಬನು ಕಟ್ಟಡದ ತುದಿಗೇರಿ ಸತ್ತ ದೈತ್ಯ ವಾನರ. ಇನ್ನೊಬ್ಬನು ಕಡಲಿನಿಂದೆದ್ದು ನಗರವನ್ನು ತುಳಿದ ಮಹೋರಗ. ಎಪ್ಪತ್ತು ದಾಟಿದ ನಿವೃತ್ತ ಮುಖ್ಯೋಪಾಧ್ಯಾಯನೊಬ್ಬನಿಗೆ ಇದು ತಕ್ಕ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. ಕೊನೆಯವರೆಗೆ ಓದಿ ತೀರ್ಮಾನಿಸಬೇಕೆಂದು ವಿನಂತಿ.

ದೈತ್ಯರು ನಮ್ಮ ಸೀಮೆಗೆ ಹೊಸಬರಲ್ಲ. ಕಂಸಾಳೆಯವರು ಇರುಳಿಡೀ ಹಾಡುತ್ತಿದ್ದ ಮಾದಪ್ಪನ ಕಥೆಯಲ್ಲಿ ಶ್ರವಣಾಸುರನ ಅಟ್ಟಹಾಸವನ್ನು ಕೇಳಿಯೇ ನಾವು ಬೆಳೆದೆವು. ಬೆಳ್ಳಿತೆರೆಯ ರಾಕ್ಷಸನಂತೂ ನಮ್ಮ ನೆರೆಮನೆಯವನೇ. ಗಾಜನೂರಿನ ಮುತ್ತುರಾಜರು 1958ರಲ್ಲಿ ‘ಭೂಕೈಲಾಸ’ದ ರಾವಣನಾದರು, ಮರುವರ್ಷ ‘ಮಹಿಷಾಸುರ ಮರ್ದಿನಿ’ಯಲ್ಲಿ ಮಹಿಷಾಸುರನಾದರು. ಬೇರೆ ಊರಿನ ಹುಡುಗರು ಆ ರಾಕ್ಷಸನನ್ನು ಕಂಡು ಹೆದರುತ್ತಿದ್ದರೆ, ನಾವು ‘ಅವರು ನಮ್ಮ ಗಾಜನೂರಿನವರು’ ಎಂದು ಎದೆಯುಬ್ಬಿಸಿಕೊಳ್ಳುತ್ತಿದ್ದೆವು.

ಆದರೆ ನಮ್ಮ ದೈತ್ಯರಿಗೂ ಪರದೇಶದ ಚಿತ್ರಗಳ ದೈತ್ಯರಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ನಮ್ಮವನು ತಪಸ್ಸು ಮಾಡುತ್ತಾನೆ, ವರ ಪಡೆಯುತ್ತಾನೆ, ಮದವೇರಿ ಲೋಕಕಂಟಕನಾಗುತ್ತಾನೆ. ಮಾತಿನಲ್ಲಿ ಅವನನ್ನು ಮೀರಿಸುವವರಿಲ್ಲ. ಅವನು ಸತ್ತರೆ ಅದು ಶಿಕ್ಷೆಯೂ ಹೌದು, ಎಷ್ಟೋ ಸಲ ಮೋಕ್ಷವೂ ಹೌದು. ಆದ್ದರಿಂದ ಅವನ ಸಾವಿಗೆ ಯಾರೂ ಅಳುವುದಿಲ್ಲ. ಮಂಗಳಾರತಿ ಮಾಡಿ ಮನೆಗೆ ಹೋಗುತ್ತಾರೆ. ಕಿಂಗ್ ಕಾಂಗನಿಗೆ ಮಾತಿಲ್ಲ. ಅವನು ವರ ಬೇಡಿದವನಲ್ಲ, ಯಾರ ಲೋಕವನ್ನೂ ಗೆಲ್ಲಹೊರಟವನಲ್ಲ. ತನ್ನ ಪಾಡಿಗೆ ತನ್ನ ದ್ವೀಪದಲ್ಲಿದ್ದ ಪ್ರಾಣಿ ಅದು. ಈ ವ್ಯತ್ಯಾಸವನ್ನು ನಾನು ಅರಿತದ್ದು ಬಹಳ ತಡವಾಗಿ.

ಕಿಂಗ್ ಕಾಂಗ್ ಎಂಬ ಹೆಸರನ್ನು ನಾನು ಮೊದಲು ಕಂಡದ್ದು ಚಾಮರಾಜನಗರದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಹೈಸ್ಕೂಲು ಓದುತ್ತಿದ್ದಾಗ, ಗೋಡೆಗೆ ಅಂಟಿಸಿದ್ದ ಒಂದು ಭಿತ್ತಿಪತ್ರದಲ್ಲಿ. ದೊಡ್ಡ ಕೋತಿಯ ಚಿತ್ರವೆಂದು ಹಿರಿಯ ಹುಡುಗನೊಬ್ಬ ಹೇಳಿದ್ದನ್ನು ನಂಬಿ ಟೆಂಟಿನಲ್ಲಿ ನೆಲದ ಟಿಕೆಟ್ಟು ಕೊಂಡು ಕುಳಿತೆವು. ಆಟ ಮುಗಿದರೂ ಕೋತಿ ಬರಲಿಲ್ಲ. ಅದು 1962ರ ಹಿಂದಿ ಚಿತ್ರ. ಅದರಲ್ಲಿದ್ದವರು ಪೈಲ್ವಾನ್ ದಾರಾ ಸಿಂಗ್. ಆ ಕಾಲದಲ್ಲಿ ಕಿಂಗ್ ಕಾಂಗ್ ಎಂದರೆ ದಾರಾ ಸಿಂಗರೊಡನೆ ಸೆಣಸಿ ಹೆಸರಾಗಿದ್ದ, ಹಂಗೇರಿಯಲ್ಲಿ ಹುಟ್ಟಿದ ಒಬ್ಬ ಭಾರೀ ಕುಸ್ತಿಪಟು. ಚಿತ್ರದಲ್ಲಿಯೂ ಆತನೇ ಇದ್ದ. ಕೋತಿ ಬರಲಿಲ್ಲವಲ್ಲ ಎಂಬ ನಿರಾಸೆಯನ್ನು ಕುಸ್ತಿ ನೋಡಿದ ಸಂತೋಷದಲ್ಲಿ ಮರೆತೆವು.

ನಿಜವಾದ ಕಾಂಗನನ್ನು ಕಂಡದ್ದು ಇಪ್ಪತ್ತೈದು ವರ್ಷಗಳಾದ ಮೇಲೆ. ಅಷ್ಟರಲ್ಲಿ ನಾನು ಬಿ.ಎ., ಬಿ.ಇಡಿ. ಮುಗಿಸಿ, ನಮ್ಮ ಬೆಟ್ಟದ ಸೀಮೆಯ ಒಂದು ಕನ್ನಡ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದೆ. 1987ರಲ್ಲಿ ವಾರ್ಷಿಕೋತ್ಸವದ ರಾತ್ರಿ ಮಕ್ಕಳಿಗೆ ವಿಡಿಯೋ ತೋರಿಸೋಣವೆಂದು ಚಾಮರಾಜನಗರದಿಂದ ಕಲರ್ ಟಿ.ವಿ.ಯನ್ನೂ ವಿ.ಸಿ.ಆರ್. ಅನ್ನೂ ಬಾಡಿಗೆಗೆ ತರಿಸಿದೆವು. ಅಂಗಡಿಯವನು ಎರಡು ಕ್ಯಾಸೆಟ್ಟು ಕೊಟ್ಟಿದ್ದ. ಒಂದು, ರಾಜಕುಮಾರರು ಹಿರಣ್ಯಕಶಿಪುವಾಗಿ ಅಭಿನಯಿಸಿದ 1983ರ ‘ಭಕ್ತ ಪ್ರಹ್ಲಾದ’. ಇನ್ನೊಂದು, 1976ರ ಇಂಗ್ಲಿಷ್ ‘ಕಿಂಗ್ ಕಾಂಗ್’.

ಆ ಚಿತ್ರದ ಕಥೆಯನ್ನು ಚುಟುಕಾಗಿ ಹೇಳುವೆ. ಎಣ್ಣೆ ಕಂಪನಿಯೊಂದರ ಹಡಗು ಮಂಜು ಮುಸುಕಿದ ದ್ವೀಪಕ್ಕೆ ಎಣ್ಣೆಯನ್ನು ಹುಡುಕಿಕೊಂಡು ಹೋಗುತ್ತದೆ. ಸಿಕ್ಕ ಎಣ್ಣೆ ಕೆಲಸಕ್ಕೆ ಬಾರದ್ದು. ಬರಿಗೈಯಲ್ಲಿ ಹೇಗೆ ಹಿಂದಿರುಗುವುದೆಂದು ಅಲ್ಲಿನ ದೈತ್ಯ ವಾನರನನ್ನೇ ಸೆರೆಹಿಡಿದು, ಎಣ್ಣೆ ತುಂಬಬೇಕಾದ ಹಡಗಿನ ಒಡಲಲ್ಲಿ ತುಂಬಿಕೊಂಡು, ಕಂಪನಿಯ ಜಾಹೀರಾತಿಗಾಗಿ ನ್ಯೂಯಾರ್ಕಿಗೆ ತರುತ್ತಾರೆ. ಅವನು ತಪ್ಪಿಸಿಕೊಂಡು ವರ್ಲ್ಡ್ ಟ್ರೇಡ್ ಸೆಂಟರಿನ ಅವಳಿ ಗೋಪುರವನ್ನೇರುತ್ತಾನೆ. ಹೆಲಿಕಾಪ್ಟರುಗಳು ಗುಂಡಿನ ಮಳೆಗರೆಯುತ್ತವೆ.

ನಾನು ಟಿ.ವಿ.ಯ ಪಕ್ಕದಲ್ಲಿ ಬೆತ್ತ ಹಿಡಿದು ನಿಂತು ಸಂಭಾಷಣೆಯನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಕಾಂಗ್ ಕೆಳಗೆ ಬಿದ್ದ ಮೇಲೆ ಮಾತಿಲ್ಲ. ಅವನ ಎದೆಬಡಿತ ಮಾತ್ರ ಕೇಳುತ್ತದೆ. ಅದು ಮೆಲ್ಲಮೆಲ್ಲನೆ ನಿಧಾನವಾಗುತ್ತಾ ಬಂದು ನಿಂತುಬಿಡುತ್ತದೆ. ಅನುವಾದ ಮಾಡಲು ನನಗೇನೂ ಉಳಿಯಲಿಲ್ಲ. ಆ ಮೌನದಲ್ಲಿ ಏಳನೆಯ ತರಗತಿಯ ಹುಡುಗನೊಬ್ಬ ಬಿಕ್ಕಿ ಬಿಕ್ಕಿ ಅಳತೊಡಗಿದ. ಆ ಕ್ಷಣದಲ್ಲಿ ನನಗೂ ಗಂಟಲು ಕಟ್ಟಿತ್ತೆಂದು ಇಂದು ಒಪ್ಪಿಕೊಳ್ಳಬಲ್ಲೆ. ಅದನ್ನು ಮರೆಸಲೋ, ಸಭೆಯ ಶಿಸ್ತಿಗೋ, “ಏನೋ, ಕೋತಿ ಸತ್ತರೆ ಅಳುತ್ತೀಯಾ? ನಿಮ್ಮ ನೆಂಟನೇನೋ ಅದು?” ಎಂದುಬಿಟ್ಟೆ. ಇಡೀ ಸಭೆ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವನು ನಾನೇ.

ಮರುದಿನದಿಂದ ಅವನ ಹೆಸರು ‘ಕಾಂಗ’ ಎಂದಾಯಿತು. ಹಾಜರಿ ಕರೆಯುವಾಗ ಒಮ್ಮೆ ನಾನೇ ಹಾಗೆ ಕರೆದೆ. ಬೇಸಿಗೆ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ಮನೆಯಲ್ಲಿ ಬಡತನವಿತ್ತು, ದನ ಕಾಯುವವರಿರಲಿಲ್ಲ; ಆ ಹೆಸರೊಂದೇ ಕಾರಣವೆಂದು ಹೇಳಲಾರೆ. ಕಾರಣವಲ್ಲವೆಂದೂ ಹೇಳಲಾರೆ.

ಮುಂದೆ ಅವನು ಬೇಸಾಯಗಾರನಾದ. ಕಾಡಂಚಿನಲ್ಲಿ ಮೂರು ಎಕರೆ ಹೊಲ. ರಾಗಿ, ಮುಸುಕಿನ ಜೋಳ, ಸ್ವಲ್ಪ ಬಾಳೆ. ನಮ್ಮ ತಾಳವಾಡಿ ಸೀಮೆಯಲ್ಲಿ ಕಾಡಂಚಿನ ಬೇಸಾಯವೆಂದರೆ ಏನೆಂಬುದನ್ನು ಇಲ್ಲಿಯ ಓದುಗರಿಗೆ ವಿವರಿಸಬೇಕಾಗಿಲ್ಲ. ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಕಾಡಿಗೆ ಗಡಿ ಗೊತ್ತುಮಾಡಿದವರು ಮನುಷ್ಯರು. ಆನೆಗೆ ಅದು ಗೊತ್ತಿಲ್ಲ. ಕಂದಕ ತೋಡಿದರು, ಸೋಲಾರ್ ಬೇಲಿ ಹಾಕಿದರು. ಆದರೂ ಬೆಳೆ ಕೈಗೆ ಬರುವ ಕಾಲಕ್ಕೆ ಅಟ್ಟಣೆಯ ಮೇಲೆ ಟಾರ್ಚು ಹಿಡಿದು ರಾತ್ರಿ ಕಳೆಯುವುದು ತಪ್ಪಿಲ್ಲ.

ಕರುಪ್ಪನ್ ಎಂಬ ಒಂಟಿ ಸಲಗದ ಹೆಸರನ್ನು ಯಾರೂ ಮರೆತಿರಲಾರರು. ಇಬ್ಬರು ರೈತರ ಪ್ರಾಣ ತೆಗೆದ ಆನೆ ಅದು. ಹಾಳುಮಾಡಿದ ಬೆಳೆಗೆ ಲೆಕ್ಕವಿಲ್ಲ. ಅರಣ್ಯ ಇಲಾಖೆಯವರು ಕುಮ್ಕಿ ಆನೆಗಳನ್ನು ಮತ್ತೆ ಮತ್ತೆ ತಂದರು. ಅರಿವಳಿಕೆ ಚುಚ್ಚುಮದ್ದು ಹಾರಿಸಿದರೂ ಹಲವು ಸಲ ಅದು ಕಬ್ಬಿನ ತೋಟದೊಳಗೆ, ಕಾಡಿನೊಳಗೆ ನುಸುಳಿಕೊಂಡಿತು. ಕೊನೆಗೆ 2023ರ ಏಪ್ರಿಲಿನಲ್ಲಿ ಸೆರೆಸಿಕ್ಕಿತು. ಲಾರಿಗೆ ಹತ್ತಿಸಿ ಬೇರೆ ಕಾಡಿಗೆ ಸಾಗಿಸಿದರು. ಆ ದಿನ ನಾನು ಚಹಾದ ಅಂಗಡಿಯಲ್ಲಿದ್ದೆ. ಹುಡುಗರು ಮೊಬೈಲಿನಲ್ಲಿ ಆ ದೃಶ್ಯ ನೋಡುತ್ತಾ ಸಿಳ್ಳೆ ಹಾಕುತ್ತಿದ್ದರು. ನನ್ನ ಹಳೆಯ ಶಿಷ್ಯ ಮೂಲೆಯ ಬೆಂಚಿನಲ್ಲಿ ಕುಳಿತಿದ್ದ. ಆನೆಗಳಿಂದ ಎರಡು ಸಲ ಬಾಳೆ ಕಳೆದುಕೊಂಡವನು ಅವನು. ಯಾರೋ ಮೊಬೈಲನ್ನು ಅವನ ಮುಂದೆ ಹಿಡಿದರು. ಅರೆಕ್ಷಣ ನೋಡಿ ಮುಖ ತಿರುಗಿಸಿದ.

“ಹಿಡ್ದದ್ದು ಸರಿ ಕನ ಸಾ,” ಎಂದು ನನ್ನ ಕಡೆ ನೋಡಿ ಹೇಳಿದ. “ಆದ್ರ ಸಿಳ್ಳ ಹಾಕ ಕೆಲ್ಸ ಅಲ್ಲ ಅದು.”

ಅದೇ ಹುಡುಗ. ಮೂವತ್ತಾರು ವರ್ಷಗಳಲ್ಲಿ ಮೀಸೆ ನರೆತಿತ್ತು, ಬದಲಾದದ್ದು ಅಷ್ಟೇ. ನನಗೆ ಆ ಎದೆಬಡಿತ ನೆನಪಾಯಿತು. ಏನಾದರೂ ಹೇಳಬೇಕೆನ್ನಿಸಿತು, ಹೇಳಲಾಗಲಿಲ್ಲ. ಚಹಾದ ದುಡ್ಡು ಕೊಟ್ಟು ಎದ್ದು ಬಂದೆ.

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಓದುತ್ತಿರುವ ಮೊಮ್ಮಗಳು ರಜೆಗೆ ಬಂದಳು. ಅವಳಿಗೆ ಹಳೆಯ ದೈತ್ಯ ಪ್ರಾಣಿಗಳ ಚಿತ್ರಗಳೆಂದರೆ ಬಹಳ ಪ್ರೀತಿ. “ತಾತ, ಮೊದಲಿನಿಂದ ಕ್ರಮವಾಗಿ ನೋಡೋಣ, ಎಲ್ಲ ಭಾಗಗಳನ್ನೂ” ಎಂದಳು. ಹೀಗೆ ಒಂದು ತಿಂಗಳು, ಊಟವಾದ ಮೇಲೆ, ನಮ್ಮ ಮನೆಯ ನಡುಮನೆ ಟೆಂಟು ಸಿನಿಮಾ ಆಯಿತು.

ಮೊದಲು 1933ರ ಮೂಲ ‘ಕಿಂಗ್ ಕಾಂಗ್’. ಮೇರಿಯನ್ ಕೂಪರ್ ಮತ್ತು ಅರ್ನೆಸ್ಟ್ ಶೋಡ್ಸ್ಯಾಕ್ ನಿರ್ದೇಶಿಸಿದ್ದು. ತೆರೆಯ ಮೇಲೆ ಮಾಳಿಗೆಯೆತ್ತರಕ್ಕೆ ಕಾಣುವ ಕಾಂಗ್ ನಿಜದಲ್ಲಿ ಸುಮಾರು ಒಂದೂವರೆ ಅಡಿಯ ಗೊಂಬೆ. ಮೈಗೆ ಮೊಲದ ಚರ್ಮ. ವಿಲ್ಲಿಸ್ ಓಬ್ರಿಯನ್ ಎಂಬ ಕುಶಲಿ ಮತ್ತು ಅವನ ಸಂಗಡಿಗರು ಆ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಮತ್ತೆ ಸರಿಸಿ ಒಂದು ಚಿತ್ರ, ಹೀಗೆ ಒಂದು ಸೆಕೆಂಡಿನ ಚಲನೆಗೆ 24 ಚಿತ್ರಗಳನ್ನು ತೆಗೆದರು. ಕಾಂಗನ ಮೈಮೇಲಿನ ರೋಮ ಗಾಳಿಗೆ ಅಲುಗಿದಂತೆ ಕಾಣುತ್ತದೆ. ಅದು ಗಾಳಿಯಲ್ಲ, ಗೊಂಬೆಯನ್ನು ಸರಿಸಿದ ಬೆರಳುಗಳ ಗುರುತು ಎಂದು ಮೊಮ್ಮಗಳು ತೋರಿಸಿಕೊಟ್ಟಳು.

ಈ ಮೂಲ ಕಥೆಯಲ್ಲಿ ಕಾಂಗನನ್ನು ತರುವವನು ಡೆನ್ಹಮ್ ಎಂಬ ಸಿನಿಮಾ ನಿರ್ದೇಶಕ. ಸಂಕೋಲೆ ಬಿಗಿದು ನಾಟಕಶಾಲೆಯ ರಂಗದ ಮೇಲೆ ನಿಲ್ಲಿಸಿ ಟಿಕೆಟ್ಟು ಮಾರುತ್ತಾನೆ. ಕಾಂಗ್ ಸಂಕೋಲೆ ಹರಿದು, 1931ರಲ್ಲಷ್ಟೇ ಪೂರ್ಣಗೊಂಡಿದ್ದ ಎಂಪೈರ್ ಸ್ಟೇಟ್ ಕಟ್ಟಡವನ್ನು ಏರಿ, ವಿಮಾನಗಳ ಗುಂಡಿಗೆ ಬಲಿಯಾಗುತ್ತಾನೆ. ಕೊನೆಯಲ್ಲಿ ಡೆನ್ಹಮ್ ಗುಂಪನ್ನು ಸರಿಸಿಕೊಂಡು ಬಂದು, ಅವನನ್ನು ಕೊಂದದ್ದು ವಿಮಾನಗಳಲ್ಲ, ಹೆಣ್ಣಿನ ಚೆಲುವು ಎಂಬರ್ಥದ ಮಾತನಾಡುತ್ತಾನೆ. ಆ ಮಾತು ಜಗತ್ಪ್ರಸಿದ್ಧವಂತೆ. ಮೂವತ್ತು ವರ್ಷಗಳಿಗೂ ಮೀರಿ ತರಗತಿಯ ತಕರಾರುಗಳನ್ನು ವಿಚಾರಿಸಿದ ನನಗೆ ಅದು ಬೇರೆಯಾಗಿಯೇ ಕೇಳಿಸಿತು. ಕಿಟಕಿಯ ಗಾಜು ಒಡೆದವನು ಪಕ್ಕದಲ್ಲಿದ್ದ ಹುಡುಗಿಯ ಕಡೆ ಬೆರಳು ತೋರಿಸುವಂತೆ ಇತ್ತು. ಹಿಡಿದು ತಂದವನು ನೀನು, ಕಟ್ಟಿಹಾಕಿದವನು ನೀನು, ಹಣ ಎಣಿಸಿದವನು ನೀನು. ಹೆಣದ ಮುಂದೆ ನಿಂತು ಚೆಂದದ ಮಾತೊಂದನ್ನು ಆಡಿ ಜಾರಿಕೊಂಡೆಯಲ್ಲ! ಹೀಗೆ ಅಂದುಕೊಂಡವನಿಗೆ ಕೂಡಲೇ ನನ್ನದೇ ಒಂದು ‘ಚೆಂದದ ಮಾತು’ ನೆನಪಿಗೆ ಬಂತು. ಸಭೆಯನ್ನು ನಗಿಸಿದ ಮಾತು.

ಬಳಿಕ ಜಪಾನಿನ ‘ಗಾಡ್ಜಿಲ್ಲ’. ಇಶಿರೊ ಹೊಂಡಾ ನಿರ್ದೇಶಿಸಿದ ಈ ಚಿತ್ರ 1954ರ ನವೆಂಬರಿನಲ್ಲಿ ತೆರೆಕಂಡಿತು. ರಬ್ಬರಿನ ಉಡುಪು ತೊಟ್ಟ ನಟನೊಬ್ಬ ಪುಟ್ಟ ಪುಟ್ಟ ಮನೆಗಳ ಮಾದರಿಯನ್ನು ತುಳಿಯುವ ಮಕ್ಕಳಾಟಿಕೆಯೆಂದು ತಿಳಿದು ಕುಳಿತಿದ್ದೆ. ಚಿತ್ರ ನನ್ನನ್ನು ನಾಚಿಸಿತು. ಅದೇ ವರ್ಷದ ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ನಡೆಸಿದ ಹೈಡ್ರೋಜನ್ ಬಾಂಬಿನ ಪರೀಕ್ಷೆಯ ವಿಷಬೂದಿ ಜಪಾನಿನ ಒಂದು ಮೀನುಗಾರಿಕೆ ದೋಣಿಯ ಮೇಲೆ ಉದುರಿತು. ಅದರಲ್ಲಿದ್ದ 23 ಮಂದಿಯೂ ಕಾಯಿಲೆ ಬಿದ್ದರು. ರೇಡಿಯೋ ನಿರ್ವಾಹಕ ಸೆಪ್ಟೆಂಬರಿನಲ್ಲಿ ತೀರಿಕೊಂಡ. ಚಿತ್ರವೂ ಕಡಲಿನಲ್ಲಿ ಬೆಳಕು ಮಿಂಚಿ ನಾಶವಾಗುವ ಒಂದು ಹಡಗಿನಿಂದಲೇ ಆರಂಭವಾಗುತ್ತದೆ. ಗಾಡ್ಜಿಲ್ಲ ಬಾಂಬಿನ ಪರೀಕ್ಷೆಗಳಿಂದ ಎಚ್ಚೆತ್ತ ಪ್ರಾಣಿ. ಅದು ತುಳಿದು ಹೋದ ಮೇಲೆ ಕ್ಯಾಮೆರಾ ಆಸ್ಪತ್ರೆಗೆ ಹೋಗುತ್ತದೆ. ಗಾಯಗೊಂಡವರು ಸಾಲಾಗಿ ಮಲಗಿದ್ದಾರೆ, ಮಕ್ಕಳು ಅಳುತ್ತಿದ್ದಾರೆ. ಅದನ್ನು ಕೊಲ್ಲಬಲ್ಲ ಅಸ್ತ್ರವನ್ನು ಕಂಡುಹಿಡಿದ ವಿಜ್ಞಾನಿ ಸೆರಿಜಾವಾ, ಆ ವಿದ್ಯೆ ಮತ್ತೊಬ್ಬರ ಕೈಗೆ ಸಿಗಬಾರದೆಂದು ಟಿಪ್ಪಣಿಗಳನ್ನು ಸುಟ್ಟು, ತಾನೂ ಕಡಲ ತಳದಲ್ಲಿಯೇ ಪ್ರಾಣ ಬಿಡುತ್ತಾನೆ. ಗೆದ್ದವರ ಮುಖದಲ್ಲಿ ಗೆಲುವಿಲ್ಲ.

ಇನ್ನು ಎರಡನೆಯ ಭಾಗಗಳ ಮಾತು. ಯಾವ ಚಿತ್ರದ ಎರಡನೆಯ ಭಾಗವನ್ನಾದರೂ ಹಣದಾಸೆಯ ಕೂಸೆಂದು ಹಳಿಯುವುದು ರೂಢಿ. ಬಹುಪಾಲು ಅದು ನಿಜವೂ ಹೌದು. ನಮ್ಮ ಮಕ್ಕಳು ಎದೆಬಡಿತ ನಿಂತದ್ದನ್ನು ಕೇಳಿದ್ದರಲ್ಲ, ಆ ಕಾಂಗನಿಗೆ 1986ರ ‘ಕಿಂಗ್ ಕಾಂಗ್ ಲಿವ್ಸ್’ ಎಂಬ ಮುಂದಿನ ಭಾಗದಲ್ಲಿ ಕೃತಕ ಹೃದಯವನ್ನು ಜೋಡಿಸಿ ಎಬ್ಬಿಸುತ್ತಾರೆ! ನಾನೂ ಮೊಮ್ಮಗಳೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಗಾಡ್ಜಿಲ್ಲನ ಪಾಡೂ ವಿಚಿತ್ರ. 1955ರಲ್ಲಿ ಇನ್ನೊಂದು ಪ್ರಾಣಿಯೊಡನೆ ಕಾಳಗ; 1962ರಲ್ಲಿ ಕಾಂಗನೊಡನೆಯೇ ಕುಸ್ತಿ. ದಾರಾ ಸಿಂಗರ ಚಿತ್ರ ಬಂದದ್ದೂ ಅದೇ ವರ್ಷವೆಂಬುದು ತಮಾಷೆ. ಆದರೆ 1964ರ ಒಂದು ಚಿತ್ರದಲ್ಲಿ ಮೂರು ತಲೆಯ ಘಿಡೋರ ಎಂಬ ಪ್ರಾಣಿ ಆಕಾಶದಿಂದ ಬಂದಾಗ, ಗಾಡ್ಜಿಲ್ಲ ಮೊದಮೊದಲು ಮನುಷ್ಯರಿಗೆ ತಾನೇಕೆ ನೆರವಾಗಬೇಕೆಂದು ಹಟ ಹಿಡಿದು, ಕೊನೆಗೆ ಭೂಮಿಯ ಪರವಾಗಿ ನಿಲ್ಲುತ್ತದೆ. ಲೋಕಕಂಟಕನು ಕಾವಲುಗಾರನಾದ.

ಇದನ್ನು ಬರಿಯ ಕಟ್ಟುಕಥೆಯೆಂದು ನಾವು ತಾಳವಾಡಿಯವರು ಹೇಳುವಂತಿಲ್ಲ. ಕರುಪ್ಪನನ್ನು ಹಿಡಿಯಲು ಇಲ್ಲಿಗೆ ಬಂದ ಕುಮ್ಕಿಗಳಲ್ಲಿ ಚಿನ್ನತಂಬಿಯೂ ಇದ್ದ. ಕೊಯಮತ್ತೂರು ಸೀಮೆಯಲ್ಲಿ ಬೆಳೆಗೆ ನುಗ್ಗಿ, 2019ರಲ್ಲಿ ಸೆರೆಸಿಕ್ಕಿ, ದೂರದ ಕಾಡಿಗೆ ಬಿಟ್ಟರೂ ಹಳ್ಳಿಗಳ ಕಡೆಗೆ ನಡೆದುಬಂದು, ಮತ್ತೆ ಸೆರೆಯಾಗಿ ಪಳಗಿದ ಆನೆ ಅದು. ನಿನ್ನೆಯ ಪುಂಡನೇ ಇಂದಿನ ಪಹರೆಯವನು. ಅದಕ್ಕಾಗಿ ಅವನು ಏನೇನು ಕಳೆದುಕೊಂಡನೆಂದು ಕೇಳುವವರು ಕಡಿಮೆ.

ಆದರೆ ನನ್ನನ್ನು ನಿದ್ದೆಗೆಡಿಸಿದ್ದು ಬೇರೊಂದು ಎರಡನೆಯ ಭಾಗ. ಮೂಲ ‘ಕಿಂಗ್ ಕಾಂಗ್’ ಗೆದ್ದ 1933ರಲ್ಲಿಯೇ, ವರ್ಷ ಮುಗಿಯುವುದರೊಳಗೆ ‘ಸನ್ ಆಫ್ ಕಾಂಗ್’, ಎಂದರೆ ಕಾಂಗನ ಮಗ, ಎಂಬ ಚಿತ್ರವನ್ನು ಅವಸರದಿಂದ ಮಾಡಿ ಮುಗಿಸಿದರು. ಮೊದಲನೆಯದರ ವೈಭವ ಇದರಲ್ಲಿಲ್ಲ. ಇಂದು ಇದನ್ನು ನೆನೆಯುವವರೂ ವಿರಳ. ಕಥೆ ಆರಂಭವಾಗುವಾಗ ಡೆನ್ಹಮ್ ಮೊಕದ್ದಮೆಗಳಿಗೆ ಅಂಜಿ ಮನೆಯೊಳಗೆ ಅಡಗಿ ಕುಳಿತಿದ್ದಾನೆ. ತನ್ನಿಂದಾದ ಸಾವುನೋವು ಅವನನ್ನು ಕಾಡುತ್ತಿದೆ. ಹೇಗೋ ಮತ್ತೆ ಅದೇ ದ್ವೀಪಕ್ಕೆ ಹೋಗುತ್ತಾನೆ. ಅಲ್ಲಿ ಕಾಂಗನ ಮಗ, ತಂದೆಗಿಂತ ಚಿಕ್ಕವನು, ಬಿಳಿಬಣ್ಣದವನು, ಕೆಸರಿನ ಹೂತದಲ್ಲಿ ಸಿಕ್ಕಿಕೊಂಡಿದ್ದಾನೆ. ಡೆನ್ಹಮ್ ಮರವನ್ನು ಬೀಳಿಸಿ ಅವನನ್ನು ಪಾರುಮಾಡುತ್ತಾನೆ. ಬೆರಳಿಗೆ ಗಾಯವಾದಾಗ ಬಟ್ಟೆ ಹರಿದು ಕಟ್ಟುತ್ತಾನೆ. ಅವನ ಮನೆತನಕ್ಕೆ ತಾನು ಋಣಿಯೆಂದು ಹೇಳಿಕೊಳ್ಳುತ್ತಾನೆ. ಕೊನೆಯಲ್ಲಿ ಭೂಕಂಪವಾಗಿ ದ್ವೀಪವೇ ಮುಳುಗುತ್ತದೆ. ಮರಿಕಾಂಗನ ಕಾಲು ಬಂಡೆಯ ಸಂದಿಯಲ್ಲಿ ಸಿಕ್ಕಿಬಿದ್ದಿದೆ. ನೀರು ತಲೆಯ ಮೇಲೆ ಬರುತ್ತಿದ್ದರೂ ಅವನು ಡೆನ್ಹಮನನ್ನು ಒಂದು ಕೈಯಲ್ಲಿ ಎತ್ತಿ ಹಿಡಿದಿರುತ್ತಾನೆ. ದೋಣಿ ಬಂದು ಡೆನ್ಹಮನನ್ನು ಎತ್ತಿಕೊಂಡ ಮೇಲೆ, ಬಟ್ಟೆ ಕಟ್ಟಿದ ಬೆರಳಿನ ಆ ಕೈ ನೀರಿನಲ್ಲಿ ಮರೆಯಾಗುತ್ತದೆ.

ಚಿತ್ರ ಮುಗಿದ ಮೇಲೆ ಮೊಮ್ಮಗಳು ಮಲಗಿದಳು. ನಾನು ಜಗಲಿಯಲ್ಲಿ ಕುಳಿತೇ ಇದ್ದೆ. ಮೊದಲನೆಯ ಭಾಗದಲ್ಲಿ ತಪ್ಪು ಮಾಡಿ, ಚೆಂದದ ಮಾತನಾಡಿ ಜಾರಿಕೊಂಡವನಿಗೂ ಎರಡನೆಯ ಭಾಗವೊಂದು ದೊರೆತಿತ್ತು. ಅವನು ಅದನ್ನು ಬಳಸಿಕೊಂಡ. ನನ್ನ ಶಿಷ್ಯನ ಹೊಲ ನಮ್ಮ ಮನೆಯಿಂದ ಎರಡೇ ಮೈಲಿ.

ಮರುದಿನ ಸಂಜೆ ನಡೆದೇ ಹೋದೆ. ಅವನು ಅಟ್ಟಣೆಯ ಕೆಳಗೆ ಬೆಂಕಿ ಹಾಕಿಕೊಂಡು ಕುಳಿತಿದ್ದ. “ಏನ್ ಸಾ, ಈ ವತ್ನಲ್ಲಿ? ಆನ ಬರ ದಾರಿ ಇದು” ಎಂದು ಗಾಬರಿಯಿಂದ ಎದ್ದ. ಕಲ್ಲಿನ ಮೇಲೆ ಟವಲು ಹಾಸಿ ಕೂರಿಸಿದ. ನಾನು ಸುತ್ತುಬಳಸದೆ ಹೇಳಿದೆ: “ಶಾಲೆಯಲ್ಲಿ ಕಿಂಗ್ ಕಾಂಗ್ ತೋರಿಸಿದ ರಾತ್ರಿ ನೀನು ಅತ್ತೆ, ನಾನು ನಕ್ಕೆ. ಅದು ತಪ್ಪು ಕಣಪ್ಪ. ಅವತ್ತು ಸರಿಯಾಗಿ ನಡೆದುಕೊಂಡವನು ನೀನೊಬ್ಬನೇ. ಅದನ್ನು ಹೇಳಿಹೋಗೋಣವೆಂದು ಬಂದೆ.”

ಅವನು ಬೆಂಕಿಯನ್ನು ಕೆದಕಿದ. ಸ್ವಲ್ಪ ಹೊತ್ತು ಬಿಟ್ಟು, “ಅಳ್ದೆ ಇರದು ಹೆಂಗ ಸಾ? ಎದ ಬಡಿಯ ಸದ್ದು ನಿಂತೋಯ್ತಲ್ಲ” ಎಂದ. ಬಳಿಕ ನಕ್ಕು, “ಆ ಹೆಸ್ರು ಬಿಡಿ ಸಾ, ಅಂಟ್ಕಂಡು ಮೂವತ್ತೆಂಟು ವರ್ಸ ಆಯ್ತು. ಈಗ ಊರಲ್ಲಿ ನನ್ ಮಗನ್ನೂ ಮರಿಕಾಂಗ ಅಂತಾರ” ಎಂದ. ನನಗೂ ನಗು ಬಂತು. ಎಲ್ಲ ಮುಗಿಯಿತೆಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಅವನು ಕಂದಕದ ಕಡೆಗೆ ಟಾರ್ಚು ಬಿಟ್ಟು ನೋಡುತ್ತಾ, “ಆದ್ರ ಸಾ, ಅವತ್ತು ನೀವು ನಗ್ದೆ ಇದ್ದಿದ್ರ ಚೆಂದಾಗಿರದು” ಎಂದ.

ಅದರಲ್ಲಿ ಕೋಪವಿರಲಿಲ್ಲ, ಕಳೆದುಹೋದ ಬೆಳೆಯ ಲೆಕ್ಕ ಹೇಳುವ ಧ್ವನಿಯಲ್ಲಿಯೇ ಹೇಳಿದ. ಕ್ಷಮೆ ಕೇಳಿದರೆ ತಪ್ಪು ಅಳಿಸಿಹೋಗುವುದಿಲ್ಲ. ಆದದ್ದು ಆದಂತೆಯೇ ಇರುತ್ತದೆ. ಆದರೂ ಹೋದದ್ದು ಒಳ್ಳೆಯದಾಯಿತು. ಕತ್ತಲಾದ್ದರಿಂದ ಅವನೇ ಊರಿನವರೆಗೆ ಟಾರ್ಚು ಹಿಡಿದು ಬಿಟ್ಟುಹೋದ. ದಾರಿಯಲ್ಲಿ ಕಾಂಗನ ಮಗನ ಕಥೆಯನ್ನು ಹೇಳಿದೆ. “ಆ ಸಿನಿಮಾನ ನನ್ ಮಗನ್ಗೂ ತೋರ್ಸಿ ಸಾ” ಎಂದು ಕೇಳಿದ.

ಆ ಭಾನುವಾರ ತಂದೆಮಗ ಇಬ್ಬರೂ ಬಂದರು. ಹಣ್ಣಾದ ಒಂದು ಬಾಳೆಗೊನೆಯನ್ನೂ ತಂದಿದ್ದರು. ಆನೆ ಬಿಟ್ಟದ್ದು ಎಂದ. ಮೊಮ್ಮಗಳು ಚಿತ್ರ ಹಾಕಿದಳು. ನಾನು ಮೊದಲಿನಂತೆಯೇ ಪಕ್ಕದಲ್ಲಿ ಕುಳಿತು, ಬೆತ್ತವಿಲ್ಲದೆ, ಸಂಭಾಷಣೆಯನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಕೊನೆಗೆ ಆ ಕೈ ನೀರಿನಲ್ಲಿ ಮುಳುಗುವಾಗ ಅನುವಾದ ಮಾಡಲು ಮಾತಿರಲಿಲ್ಲ. ಪಕ್ಕದಲ್ಲಿ ಯಾರೋ ಮೂಗು ಒರೆಸಿಕೊಂಡ ಸದ್ದು ಕೇಳಿತು. ನಾನು ಯಾರೆಂದು ತಿರುಗಿ ನೋಡಲಿಲ್ಲ. ಏನೂ ಹೇಳಲೂ ಇಲ್ಲ.